ಇಬ್ಬರು ಸವಿತಾರ ರವಕೆ

ಕಾಪು ಪೇಟೆಯಲ್ಲಿ ಸಿಸಿಲಿಯಾ ಬಾಯಿ ಹೊಲಿಗೆ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಗಿತ್ತು. ಒಮ್ಮೆ ರವಕೆಯ ಅಳತೆ ಕೊಟ್ಟವರು ಮತ್ತೆ ಕೊಡಬೇಕಾಗಿರಲಿಲ್ಲ. ದುಬೈಯಿಂದ ಫೋನು ಮಾಡಿ, "ಬಟ್ಟೆ ಕಳುಹಿಸಿದ್ದೇನೆ, ಹೊಲಿದಿಡಿ" ಎನ್ನುವವರೂ ಇದ್ದರು. ಆದರೆ ಅಳತೆ ಪುಸ್ತಕಗಳೇ ಹತ್ತೊಂಬತ್ತಾಗಿದ್ದವು. ಯಾರ ಹೆಸರು ಯಾವುದರಲ್ಲಿದೆ ಎಂದು ಹುಡುಕುವಷ್ಟರಲ್ಲಿ ಮಧ್ಯಾಹ್ನದ ಊಟ ತಣ್ಣಗಾಗುತ್ತಿತ್ತು.

೨೦೦೩ರಲ್ಲಿ ಅವರು ಒಂದು ಹಳೆಯ ಕಂಪ್ಯೂಟರ್ ಕೊಂಡು, ಅದನ್ನು ಕಲಿಯಲು ಉಡುಪಿಯ ತರಗತಿಗೆ ಸೇರಿದರು. ವಯಸ್ಸು ಐವತ್ತೊಂದು, ಓದು ಏಳನೆಯ ಕ್ಲಾಸು. ಕಲಿಸುವ ವಿಜೇತಾಳಿಗೆ ಇಪ್ಪತ್ನಾಲ್ಕು.

"ಈ ವಿಲುಕಪ್ ಎನ್ನುವ ಸೂತ್ರ ಎಂತ ಮಾಡುತ್ತದೆ?" ಎಂದು ಬಾಯಿ ಕೇಳಿದರು.

"ನೀವು ಕೊಟ್ಟ ಹೆಸರನ್ನು ಪಟ್ಟಿಯ ಮೊದಲ ಕಾಲಂನಲ್ಲಿ ಹುಡುಕುತ್ತದೆ ಬಾಯಿ. ಸಿಕ್ಕಿದ ಸಾಲಿನಲ್ಲಿ ನೀವು ಹೇಳಿದ ಕಾಲಂನಲ್ಲಿ ಎಂತ ಉಂಟೋ ಅದನ್ನು ತಂದುಕೊಡುತ್ತದೆ."

ಮೂರು ತಿಂಗಳು ಕುಳಿತು ಬಾಯಿ ಆರುನೂರು ಹೆಸರು ತುಂಬಿಸಿದರು. ಪುಟ್ಟ ಬಾಣದ ಗುರುತು ಒತ್ತಿದರೆ ಹೆಸರುಗಳ ಪಟ್ಟಿ ಕೆಳಗಿಳಿಯುತ್ತಿತ್ತು. ಒಂದನ್ನು ಆರಿಸಿದರೆ ಎದೆ, ಸೊಂಟ, ತೋಳು ಎಲ್ಲವೂ ಇಂಚುಗಳಲ್ಲಿ ಬಂದು ಕೂರುತ್ತಿದ್ದವು. ಮೊದಲ ದಿನ ಬಾಯಿ ಕೆಲಸ ಬಿಟ್ಟು ಅದನ್ನೇ ಒತ್ತುತ್ತ ಕುಳಿತರು.

ಒಂದು ವಾರ ಕಳೆದಿರಬಹುದು. ಪಡುಬಿದ್ರಿಯ ಸವಿತಾ ಹೊಸ ರವಕೆ ಹಿಡಿದುಕೊಂಡು ಬಂದಳು. ಕಡ್ಡಿಯಂಥ ಹೆಂಗಸು.

"ಬಾಯೀ, ಇದರೊಳಗೆ ನನ್ನ ಜೊತೆ ನನ್ನ ಅತ್ತೆಯೂ ಹೋಗಬಹುದು ಮಾರಾಯ್ರೆ!"

ಬಾಯಿಯ ಮುಖ ಕೆಂಪಾಯಿತು. ಹಳೆಯ ಪುಸ್ತಕ ತೆಗೆದು ನೋಡಿದರೆ ಕಂಪ್ಯೂಟರ್ ಕೊಟ್ಟದ್ದು ಸಂತೆಕಟ್ಟೆಯ ದಪ್ಪ ಸವಿತಾರ ಅಳತೆ. ಮರುದಿನ ತರಗತಿಯಲ್ಲಿ ಇದನ್ನು ಕೇಳಿ ವಿಜೇತಾ ನಾಲಿಗೆ ಕಚ್ಚಿಕೊಂಡಳು.

"ಹೇಳಲು ಮರೆತೆ ಬಾಯಿ. ಪಟ್ಟಿಯಲ್ಲಿ ಎರಡು ಸವಿತಾ ಇದ್ದರೆ ಅದು ಮೊದಲು ಸಿಕ್ಕಿದವರಲ್ಲೇ ನಿಂತುಬಿಡುತ್ತದೆ."

ಬಾಯಿ ಜೋರಾಗಿ ನಕ್ಕರು. "ಅಷ್ಟೆಯಾ? ಊರು ಕೇಳದೆ ನಮ್ಮಲ್ಲಿ ಯಾರು ಯಾರ ಗುರುತು ಹಿಡಿಯುತ್ತಾರೆ? ಅದಕ್ಕೂ ಊರು ಹೇಳಿದರಾಯಿತು."

ವಾರದೊಳಗೆ ಎಲ್ಲ ಹೆಸರುಗಳ ಮುಂದೆ ಊರು ಸೇರಿತು: ಸವಿತಾ ಪಡುಬಿದ್ರಿ, ಸವಿತಾ ಸಂತೆಕಟ್ಟೆ. ಒಂದೇ ಊರಿನಲ್ಲಿ ಇಬ್ಬರು ಕುಶಲಾ ಇದ್ದ ಕಡೆ ಮನೆಯ ಹೆಸರೂ ಸೇರಿತು. ಪಡುಬಿದ್ರಿಯ ಸವಿತಾಳಿಗೆ ಬೇರೆ ರವಕೆ ಹೊಲಿದುಕೊಟ್ಟರು. ಅವಳು ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, ಅದನ್ನು ತೊಟ್ಟುಕೊಂಡೇ ಬಸ್ಸು ಹತ್ತಿದಳು.

ಮರುವರ್ಷ ಕಾರ್ಕಳದ ಹೊಲಿಗೆಯವರಿಗೆ ಕಲಿಸಲು ಹೊರಟ ವಿಜೇತಾ ಬಾಯಿಯನ್ನೂ ಕರೆದುಕೊಂಡು ಹೋದಳು. "ಇದು ಹೊಲಿಯುವುದಿಲ್ಲ, ಹುಡುಕುತ್ತದೆ ಅಷ್ಟೆ" ಎಂದು ಬಾಯಿ ಸೀಮೆಸುಣ್ಣ ಹಿಡಿದು ಶುರುಮಾಡಿದರು. ಹತ್ತು ನಿಮಿಷದಲ್ಲಿ ಪಟ್ಟಿ ತೆರೆದು ತೋರಿಸಿದರು. ಅಲ್ಲಿ ಸೇರಿದ್ದ ಹನ್ನೊಂದು ಹೆಂಗಸರಿಗೂ ತಮ್ಮ ತಮ್ಮ ಹೆಸರನ್ನು ಪಟ್ಟಿಯಲ್ಲಿ ಕಾಣುವ ಆಸೆ ಹುಟ್ಟಿತು. ಟೇಪು ತೆಗೆದು ಒಬ್ಬರನ್ನೊಬ್ಬರು ಅಳೆಯುತ್ತ, ಇಂಚುಗಳನ್ನು ಕೂಗಿ ಹೇಳುತ್ತ, ನಗುತ್ತ ನಿಂತ ಅವರಿಗೆಲ್ಲ ನಾಲ್ಕು ಗಂಟೆಯ ಬಸ್ಸು ತಪ್ಪಿತು.