ದಿಕ್ಕು ಗುರುತು ಹಾಕದ ಕಾಯಿಲ್

2022ನೇ ಇಸವಿ. ಕೋವಿಡ್ ಕಾಟ ತಗ್ಗಿ ಮದುವೆ ಛತ್ರಗಳು ಮತ್ತೆ ತುಂಬಿದ್ದವು. ಹೊಸಕೋಟೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಪಂಪು, ಕಾರ್ಖಾನೆ ಮೋಟಾರುಗಳ ತಾಮ್ರದ ಕಾಯಿಲ್ ಬಿಚ್ಚಿ ಹೊಸದು ಸುತ್ತುವ ಕೆಲಸ. ಆ ಹೊತ್ತಿಗೆ ಇಪ್ಪತ್ತೆಂಟು ವರ್ಷದ ಅನುಭವ. ಎಲ್ಲ ಗೊತ್ತಿದೆ ಎಂಬ ಕೊಬ್ಬೂ ಇತ್ತು. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ಮಾತ್ರ ನನ್ನದಲ್ಲ.

ಒಂದು ಗುರುವಾರ ಸಮೇತನಹಳ್ಳಿಯ ಕೃಷ್ಣಪ್ಪ ಎಲೆಕ್ಟ್ರಿಕ್ ಗಿಟಾರ್ ಹೊತ್ತು ಬಂದರು. ಅವರ ತೋಟದ ಪಂಪು ಸುಟ್ಟಾಗಲೆಲ್ಲ ಕಾಯಿಲ್ ಕಟ್ಟುತ್ತಿದ್ದವನು ನಾನೇ. ಬೆಳಿಗ್ಗೆ ಬೀನ್ಸ್ ತೋಟ, ಸಂಜೆ ಮದುವೆ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾ. ಮೂವತ್ತು ವರ್ಷದಿಂದ ಅವರದು ಅದೇ ಬದುಕು. ಗಿಟಾರಿನ ಎರಡು ಪಿಕಪ್‌ಗಳಲ್ಲಿ ಒಂದು ಸತ್ತಿತ್ತು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂರುವ ಅಯಸ್ಕಾಂತ ಮತ್ತು ಅದರ ಸುತ್ತ ಒಂದು ಕಾಯಿಲ್. ಮೇಲೆ ತಂತಿ ಕಂಪಿಸಿದರೆ ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡ ಸದ್ದು ಮಾಡುತ್ತದೆ.

“ಭಾನುವಾರ ಪ್ರೋಗ್ರಾಂ ಐತೆ ಮಂಜಣ್ಣ. ಕೀಬೋರ್ಡಲ್ಲೇ ಗಿಟಾರ್ ಸೌಂಡ್ ಬರ್ತದೆ, ನೀವ್ಯಾಕೆ ಅಂತಾವ್ರೆ ನಮ್ ಆರ್ಕೆಸ್ಟ್ರಾ ಓನರ್ರು. ಅವತ್ತು ಕೆಟ್ರೆ ನನ್ ಕಥೆ ಮುಗೀತು,” ಎಂದರು.

ಇದು ನನ್ನ ಕೆಲಸವಲ್ಲ ಎನ್ನಬೇಕಿತ್ತು. ಆದರೆ ಟೀ ಕುಡಿಯುತ್ತ ಅವರು ಹೇಳಿದ ಕಥೆ ನನ್ನ ತಲೆಗೆ ಹತ್ತಿತು. ಸುಮಾರು ತೊಂಬತ್ತು ವರ್ಷದ ಹಿಂದೆ ಅಮೆರಿಕದ ಡಾನ್ಸ್ ಬ್ಯಾಂಡುಗಳಲ್ಲಿ ಡ್ರಮ್ಮು, ತುತ್ತೂರಿಗಳ ಅಬ್ಬರಕ್ಕೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲವಂತೆ. ಅಯಸ್ಕಾಂತಕ್ಕೆ ಕಾಯಿಲ್ ಸುತ್ತಿ ತಂತಿಯ ಹತ್ತಿರ ಇಟ್ಟ ಮೇಲೆ, ಹಿಂದೆ ಕೂತಿದ್ದ ಗಿಟಾರಿನವನು ಮುಂದೆ ಬಂದು ನಿಂತ. ಬ್ಲೂಸು, ರಾಕು, ಕೊನೆಗೆ ನಮ್ಮ ಸಿನಿಮಾ ಹಾಡುಗಳವರೆಗೆ ಅದರದೇ ದರ್ಬಾರು. ಹಾಗಾದರೆ ಪ್ರಪಂಚದ ಹಾಡನ್ನೇ ಬದಲಾಯಿಸಿದ್ದು ನಮ್ಮಂಥ ವೈಂಡರ್‌ಗಳು ಎಂದು ಹಿಗ್ಗಿಬಿಟ್ಟೆ. “ಬಿಟ್ಟೋಗಿ ಕೃಷ್ಣಪ್ಪಣ್ಣ,” ಎಂದೆ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಹಳೆಯ ಕಾಯಿಲ್ ಕತ್ತರಿಸುವ ಮೊದಲು ಅದನ್ನು ಯಾವ ಕಡೆಗೆ ಸುತ್ತಿದ್ದರು ಎಂದು ಚಾಕ್‌ಪೀಸಿನಲ್ಲಿ ಬಾಣ ಬರೆಯುತ್ತೇವೆ. ಇಲ್ಲವಾದರೆ ಮೋಟಾರ್ ಉಲ್ಟಾ ತಿರುಗೀತು. ತಿರುಗದ ವಸ್ತುವಿಗೆ ಎಂಥ ದಿಕ್ಕು ಎಂದು ನಾನು ಬಾಣ ಬರೆಯಲಿಲ್ಲ. 46 ಗೇಜಿನ ತಾಮ್ರದ ತಂತಿಯನ್ನು ಬೆಂಗಳೂರಿನಿಂದ ತಂದೆ. ಕೂದಲಿನಷ್ಟು ತೆಳು, ಸುಮಾರು ಎಂಟು ಸಾವಿರ ಸುತ್ತು. ಶುಕ್ರವಾರ ಎರಡು ಸಲ ಹರಿಯಿತು, ಶನಿವಾರ ಇನ್ನೊಂದು ಸಲ. ಊಟ ಸೇರಲಿಲ್ಲ. ಅಂಗಡಿಗೂ ರಸ್ತೆಗೂ ಓಡಾಡಿದೆ, ಬಂದ ಗಿರಾಕಿಗಳ ಮೇಲೆಲ್ಲ ರೇಗಿದೆ. ಭಾನುವಾರ ಮಧ್ಯಾಹ್ನ ಅಂತೂ ಮುಗಿಯಿತು. ಮೀಟರ್ ಆರೂವರೆ ಸಾವಿರ ಓಮ್ ತೋರಿಸಿತು, ಎಂದರೆ ತಂತಿ ಎಲ್ಲೂ ಹರಿದಿಲ್ಲ. ಕೃಷ್ಣಪ್ಪ ಅವಸರದಲ್ಲಿ ನಾನು ಸುತ್ತಿದ ಪಿಕಪ್ ಒಂದನ್ನೇ ನುಡಿಸಿ ನೋಡಿ ಹೊರಟರು. ನನಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಟೂಲ್ ಬ್ಯಾಗ್ ಹಾಕಿಕೊಂಡು ನಾನೂ ಬೈಕ್ ತೆಗೆದೆ.

ಛತ್ರದಲ್ಲಿ ಮೊದಲ ಹಾಡು ಚೆನ್ನಾಗಿಯೇ ಬಂತು. ಎರಡನೆಯದು ಯುಗಳಗೀತೆ. ಅಂಥ ಹಾಡಿಗೆ ಕೃಷ್ಣಪ್ಪ ಎರಡೂ ಪಿಕಪ್ ಒಟ್ಟಿಗೆ ಬಳಸುತ್ತಿದ್ದರು. ಅದಕ್ಕಾಗಿ ಗಿಟಾರಿನ ಸ್ವಿಚ್ಚನ್ನು ಮಧ್ಯಕ್ಕೆ ತಳ್ಳಿದ್ದೇ ತಡ, ಸದ್ದು ಡಬ್ಬದೊಳಗಿನ ರೇಡಿಯೋದಂತೆ ಸೊರಗಿತು. ಓನರ್ ಪ್ರಭಾಕರ್ ಕೈಸನ್ನೆ ಮಾಡಿದರು. ಕೀಬೋರ್ಡಿನವರು ಗಿಟಾರ್ ಟೋನ್ ಹಾಕಿಕೊಂಡು ಅದೇ ಭಾಗ ನುಡಿಸಿದರು. ಕೃಷ್ಣಪ್ಪನವರ ಬೆರಳುಗಳು ಆಡುತ್ತಲೇ ಇದ್ದವು, ಕೇಳುತ್ತಿದ್ದ ಸದ್ದು ಬೇರೆಯವರದು. ಆಗ ನನಗೆ ಹೊಳೆಯಿತು: ಒಂದು ಕಾಯಿಲ್ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುತ್ತಿದೆ. ನಾನು ಉಲ್ಟಾ ಸುತ್ತಿದ್ದೆ.

ಫೋಟೋ ತೆಗೆಯಲೆಂದು ಹಾಡಿಗೆ ಬಿಡುವು ಕೊಟ್ಟರು. “ಸಾಕು ಬಿಡಿ ಕೃಷ್ಣಪ್ನೋರೇ, ಇನ್ಮೇಲೆ ಕೀಬೋರ್ಡಲ್ಲೇ ನೋಡ್ಕೊತೀವಿ,” ಎಂದರು ಪ್ರಭಾಕರ್. ಕೃಷ್ಣಪ್ಪ ಒಮ್ಮೆ ನನ್ನ ಕಡೆ ನೋಡಿದರು, ಆದರೆ ಇವನ ತಪ್ಪು ಎನ್ನಲಿಲ್ಲ. ಅಂದಿದ್ದರೆ ಬಹುಶಃ ಜಗಳಕ್ಕೇ ನಿಲ್ಲುತ್ತಿದ್ದೆ. ಅನ್ನದೆ ಇದ್ದುದು ಚುಚ್ಚಿತು. ನಾಚಿಕೆಯಿಂದಲೇ ವೇದಿಕೆ ಹತ್ತಿದೆ.

“ತಪ್ಪು ಅವರ್ದಲ್ಲ ಸಾರ್, ನಂದು. ಕಾಯಿಲ್ ಉಲ್ಟಾ ಸುತ್ತಿದೀನಿ. ಹತ್ತು ನಿಮಿಷ ಕೊಡಿ.”

“ನೀವ್ಯಾರು?”

“ಪಂಪ್ ಕಟ್ಟೋನು.”

ಪ್ರಭಾಕರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಡಿಯಾರ ತೋರಿಸಿದರು. ಮೋಟಾರ್ ಉಲ್ಟಾ ತಿರುಗಿದರೆ ಎರಡು ವೈರ್ ಅದಲುಬದಲು ಮಾಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗಿಟಾರಿನ ಬೆನ್ನಿನ ಮುಚ್ಚಳ ಬಿಚ್ಚಿ, ನಾನು ಸುತ್ತಿದ ಪಿಕಪ್‌ನ ಎರಡು ವೈರ್‌ಗೂ ಅದನ್ನೇ ಮಾಡಿದೆ. ಅವಸರಕ್ಕೆ ಬೆಸುಗೆ ಎರಡು ಸಲ ಜಾರಿತು.

ಮತ್ತೆ ಹಾಡು ಶುರುವಾಯಿತು, ಸ್ವಿಚ್ ಮಧ್ಯಕ್ಕೆ ಬಂತು, ಸದ್ದು ತುಂಬಿಕೊಂಡು ಬಂತು. ಜನರೆಲ್ಲ ತಿರುಗಿ ನೋಡಿದರು ಎಂದರೆ ಸುಳ್ಳಾದೀತು. ಅವರು ಊಟದ ಕಡೆ ನೋಡುತ್ತಿದ್ದರು. ಪ್ರಭಾಕರ್ ಎರಡು ಸಾಲು ಕೇಳಿ ಕೀಬೋರ್ಡಿನವರ ಕಡೆ ತಿರುಗಿದರು. “ಆ ಗಿಟಾರ್ ಟೋನ್ ತೆಗೀರಪ್ಪ. ಅವ್ರು ನುಡಿಸ್ತಾವ್ರೆ.”

ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಅವತ್ತು ಕಲಿತೆ. ನಾನು ಮನೆಯಲ್ಲಿ ನೆಮ್ಮದಿಯಾಗಿ ಕೂತಿದ್ದರೆ ಒಬ್ಬರ ಮೂವತ್ತು ವರ್ಷದ ಸಂಗೀತ ನನ್ನಿಂದ ನಿಂತುಹೋಗುತ್ತಿತ್ತು, ನನಗದು ಗೊತ್ತೂ ಆಗುತ್ತಿರಲಿಲ್ಲ.