ಎರಡನೇ ಡಿವಿಜನ್ನಿಗೆ ಹೂಂ ಅಂದದ್ದು

ಎರಡನೇ ಪೀರಿಯಡ್ಡಿಗೆ ಹೊರಡುವ ಮುಂಚೆ ಸ್ಟಾಫ್ ರೂಮಿನಲ್ಲಿ ನಿಂತುಕೊಂಡೇ ಅಂತರಕಾಲೇಜು ಫುಟ್‌ಬಾಲ್ ಪಂದ್ಯಗಳವರ ಈಮೇಲ್ ತೆರೆದೆ. ‘ನೀವು ಕೇಳಿಕೊಂಡ ಹಾಗೆ ನಿಮ್ಮ ಹುಡುಗಿಯರ ಟೀಮನ್ನು ಈ ಸಲ ಎರಡನೇ ಡಿವಿಜನ್ನಿಗೆ ಏರಿಸಲಾಗಿದೆ, ಅಭಿನಂದನೆಗಳು’ ಎಂದಿತ್ತು. ಮೂರು ಸಲ ಓದಿದೆ. ಕೇಳಿಕೊಳ್ಳುವುದು ಹಾಗಿರಲಿ, ಏರುವುದು ಬೇಡವೇ ಬೇಡ ಎಂದು ಸ್ಟಾಫ್ ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡವಳು ನಾನೇ.

ಮೆಲ್ಬೋರ್ನಿನ ವಿಂಡಮ್ ವೇಲ್‌ನ ಒಂದು ಸಣ್ಣ ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಕಾಲೇಜು ಎಂದರೆ ಇಲ್ಲಿ ಹೈಸ್ಕೂಲೇ. ಫುಟ್‌ಬಾಲ್ ಎಂದರೆ ಈ ಊರಿನವರಿಗೆ ಮೊಟ್ಟೆಯಾಕಾರದ ಚೆಂಡಿನ ಆಟ. ನಮ್ಮದು ದುಂಡು ಚೆಂಡಿನದು, ಇವರ ಬಾಯಲ್ಲಿ ಸಾಕರ್. ನಾನು ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದವಳಲ್ಲ. ಸಿಡ್ನಿಯ ಟೂಂಗಾಬಿ ಬಿಟ್ಟು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಹುಡುಗಿಯರ ಟೀಮಿಗೆ ಮ್ಯಾನೇಜರ್ ಯಾರಾಗುತ್ತೀರಿ ಎಂದು ಕೇಳಿದಾಗ ಮಿಕ್ಕವರೆಲ್ಲ ಕಾಫಿ ಕಪ್ಪಿನೊಳಗೆ ನೋಡತೊಡಗಿದರು. ಧಾರವಾಡದಲ್ಲಿ ಬೆಳೆದ ನನಗೆ ಒಲ್ಲೆ ಎನ್ನುವ ಮಾತು ಬೇಗ ಬಾಯಿಗೆ ಬರುವುದಿಲ್ಲ. ಆಟ ಕಲಿಸಲು ವಾರಕ್ಕೆರಡು ದಿನ ಕೋಚ್ ಒಬ್ಬರು ಬರುತ್ತಾರೆ. ಉಳಿದದ್ದೆಲ್ಲ ನನ್ನ ಪಾಲಿನದು: ಬಸ್ಸು, ಫಾರ್ಮು, ಬ್ಯಾಂಡೇಜು, ಕಣ್ಣೀರು.

ನಮ್ಮ ಹುಡುಗಿಯರು ಹದಿಮೂರು ಜನ. ಕಳೆದ ವರ್ಷ ಮೂರನೇ ಡಿವಿಜನ್ನಿನಲ್ಲಿ ಒಂದೂ ಮ್ಯಾಚು ಸೋಲದೆ ಗೆದ್ದರು. ಗೆದ್ದವರು ಬೇಕಾದರೆ ಮೇಲಿನ ಡಿವಿಜನ್ನಿಗೆ ಹೋಗಬಹುದು, ಬೇಡವೆಂದರೆ ಇದ್ದಲ್ಲೇ ಇರಬಹುದು. ಹೋಗಲೇಬೇಕು ಎಂದು ಪ್ರಿನ್ಸಿಪಾಲರು. ಹೊಸ ಕಾಲೇಜು, ಹೆಸರು ಬೇಕು. ನಾನು ಎದ್ದು ನಿಂತು ಹೇಳಿದ್ದು ಇಷ್ಟು: ಮೇಲಿನ ಡಿವಿಜನ್ನಿನ ಕಾಲೇಜುಗಳು ನೂರಾರು ಹುಡುಗಿಯರಲ್ಲಿ ಹದಿನೆಂಟು ಜನರನ್ನು ಆರಿಸಿಕೊಳ್ಳುತ್ತವೆ. ನಾವು ಹದಿಮೂರು ಜನರಲ್ಲಿ ಹದಿಮೂರು ಜನರನ್ನು ಆರಿಸಿಕೊಳ್ಳುತ್ತೇವೆ. ಇಬ್ಬರಿಗೆ ನೆಗಡಿಯಾದರೆ ನಮ್ಮಲ್ಲಿ ಬದಲಿ ಆಟಗಾರ್ತಿಯೇ ಇಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಈ ಗಾದೆಯನ್ನು ನಾನು ಇಂಗ್ಲಿಷಿನಲ್ಲಿ ಹೇಳಲು ಹೋದದ್ದೇ ತಡ, ಎಲ್ಲರೂ ನನ್ನ ಮಂಚದ ಬಗ್ಗೆ ಚಿಂತೆಗೆ ಬಿದ್ದರು. ಕೊನೆಗೆ ಪ್ರಿನ್ಸಿಪಾಲರು, ನಿಮ್ಮ ಟೀಮು, ನಿಮ್ಮ ತೀರ್ಮಾನ ಎಂದು ಬಿಟ್ಟುಕೊಟ್ಟರು. ಗೆದ್ದೆ ಎಂದುಕೊಂಡೆ.

ಹಾಗಾದರೆ ಕೇಳಿಕೊಂಡವರು ಯಾರು? ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕುಳಿತ ಮೇಲೆ ನೆನಪಾಯಿತು. ನಾಲ್ಕು ದಿನದ ಹಿಂದೆ ಪಂದ್ಯಗಳ ಉಸ್ತುವಾರಿಯವರು ಫೋನು ಮಾಡಿದ್ದರು. ವಯಸ್ಸಾದ, ಗಡಸು ದನಿಯ ಮನುಷ್ಯ. ಮಾತು ಬಲು ಜೋರು, ಪದಗಳು ಒಂದರೊಳಗೊಂದು ನುಗ್ಗುತ್ತವೆ. ಡಿವಿಜನ್ನು ಹೇಗೆ, ಮೈದಾನ ಯಾವುದು, ರೆಫರಿ ಯಾರು ಎಂದು ಅವರು ಹೇಳುತ್ತಲೇ ಹೋದರು. ಪೂರ್ತಿ ಕೇಳಿ ಕೊನೆಯಲ್ಲಿ ಬೇಡ ಎನ್ನೋಣವೆಂದು ನಾನು ಹೂಂಗುಟ್ಟುತ್ತಲೇ ಇದ್ದೆ. ಹೂಂ, ಯೆಸ್, ಹೂಂ, ರೈಟ್, ಯೆಸ್ ಯೆಸ್. ಯಾವುದೋ ಒಂದು ಹೂಂ ಸರಿಯಾಗಿ ಅವರ ಪ್ರಶ್ನೆಯ ಬಾಲಕ್ಕೆ ಹೋಗಿ ಕೂತಿರಬೇಕು. ಥ್ಯಾಂಕ್ಸ್ ಎಂದು ಇಟ್ಟೇಬಿಟ್ಟರು. ಮತ್ತೆ ಮಾಡುತ್ತಾರೆ ಎಂದುಕೊಂಡು ನಾನೂ ಸುಮ್ಮನಾದೆ.

ನಮ್ಮಲ್ಲಿ ಹೂಂ ಎಂದರೆ ಒಪ್ಪಿದೆ ಎಂದಲ್ಲ, ಕೇಳುತ್ತಿದ್ದೇನೆ, ಇನ್ನೂ ಬದುಕಿದ್ದೇನೆ ಎಂದಷ್ಟೇ. ಎದುರಿನವರು ಹೂಂಗುಟ್ಟದಿದ್ದರೆ ನಮ್ಮವರು ಕಥೆಯನ್ನೇ ನಿಲ್ಲಿಸಿ ಮುಖ ನೋಡುತ್ತಾರೆ. ಇದನ್ನು ಆ ಮನುಷ್ಯನಿಗೆ ಯಾವ ಬಾಯಿಂದ ವಿವರಿಸಲಿ?

ಟೂಂಗಾಬಿಯಲ್ಲೇ ಇರುವ ಅಕ್ಕನಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏ ಹುಚ್ಚಿ, ಈ ಮಂದಿ ಮುಂದ ಫೋನಿನ್ಯಾಗ ಹೂಂ ಅನಬಾರದು. ನಾ ಹಂಗ ಹೂಂ ಹೂಂ ಅಂತ ಮನಿ ಮ್ಯಾಲ ಸೋಲಾರ್ ಹಾಕಿಸ್ಕೊಂಡ ಕೂತೀನಿ. ನಿನಗರ ಬರೇ ಫುಟ್‌ಬಾಲ್ ಬಂತು. ಹೋಗಿ ಖರೆ ಹೇಳಿಬಿಡು, ಮುಗೀತು.”

ಮೊದಲು ಉಸ್ತುವಾರಿಯವರಿಗೆ ಫೋನು ಮಾಡಿದೆ. ಪಟ್ಟಿ ಎಲ್ಲ ಕಾಲೇಜಿಗೂ ಹೋಗಿದೆ, ಈಗ ಎರಡೇ ದಾರಿ, ಎರಡನೇ ಡಿವಿಜನ್ನಿನಲ್ಲಿ ಆಡುವುದು ಇಲ್ಲವೇ ಈ ವರ್ಷ ಆಡದೇ ಇರುವುದು ಎಂದರು. ಈ ಸಲ ನಾನು ತುಟಿ ಬಿಗಿಹಿಡಿದು ಕೇಳಿದೆ. ಪ್ರಿನ್ಸಿಪಾಲರ ಬಳಿ ನಾಳೆ ಮಧ್ಯಾಹ್ನ ಹೋಗಿ ಹೇಳಿದರಾಯಿತು ಎಂದುಕೊಂಡೆ. ಆದರೆ ಅವರು ಮರುದಿನ ಬೆಳಗಿನ ಅಸೆಂಬ್ಲಿಯಲ್ಲೇ ಮೈಕು ಹಿಡಿದು, “ಮೇಲಿನ ಡಿವಿಜನ್ ಬೇಕು ಎಂದು ಕೇಳಿದ್ದು ನಾನಲ್ಲ, ಈ ಹುಡುಗಿಯರ ಮೇಲೆ ನಂಬಿಕೆ ಇಟ್ಟ ಇವರ ಮ್ಯಾನೇಜರ್” ಎಂದುಬಿಟ್ಟರು.

ಹದಿಮೂರು ತಲೆಗಳು ಒಟ್ಟಿಗೆ ಹಿಂದೆ ತಿರುಗಿದವು. ಆ ಮುಖಗಳು ಅಷ್ಟು ಬೆಳಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಬಾಯಿ ತೆರೆದು ನಿಜ ಹೇಳುವುದಕ್ಕೆ ಅದೇ ಗಳಿಗೆ. ನಾನು ನಕ್ಕೆ. ಸುಳ್ಳು ಆಡಲಿಲ್ಲ, ನಕ್ಕೆ ಅಷ್ಟೆ, ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಗೆಟ್ಟ ಸಮಾಧಾನ.

ಎಲ್ಲರಿಗಿಂತ ಹೆಚ್ಚು ನಂಬಿದವಳು ಗೋಲ್‌ಕೀಪರ್ ಹುಡುಗಿ. ಹುಬ್ಬಳ್ಳಿಯವರ ಮಗಳು, ಹದಿನೈದು ವರ್ಷ. ಮೂರನೇ ಡಿವಿಜನ್ನಿನಲ್ಲಿ ಅವಳಿಗೆ ಕೆಲಸವೇ ಇರಲಿಲ್ಲ. ಚೆಂಡು ಅವಳ ಕಡೆ ಬರುವುದೇ ಅಪರೂಪ, ಗೋಲು ಕಂಬಕ್ಕೆ ಒರಗಿ ಉಗುರು ಕಚ್ಚುತ್ತಿದ್ದಳು. ಈಗ ಕೆಲಸ ಬಂತು. ಮೊದಲ ಮ್ಯಾಚಿನಲ್ಲಿ ಒಂಬತ್ತು ಗೋಲು ತಿಂದೆವು. ಎದುರಿನ ಹುಡುಗಿಯರು ನಮ್ಮವರಿಗಿಂತ ಗೇಣುದ್ದ ಎತ್ತರ, ಬೆಂಚಿನ ಮೇಲೇ ಏಳು ಜನ ಬದಲಿ. ಈ ಮಕ್ಕಳನ್ನು ನಾನೇ ತಂದು ಇಲ್ಲಿ ನಿಲ್ಲಿಸಿದೆನಲ್ಲ ಎನಿಸಿತು. ಆ ಹುಡುಗಿ ಮಾತ್ರ ಮಂಡಿಯ ಮಣ್ಣು ಕೊಡವಿಕೊಳ್ಳುತ್ತ ಬಂದು, “ಮಿಸ್, ಡೋಂಟ್ ವರಿ. ವಿ ಆರ್ ಜಸ್ಟ್ ವಾರ್ಮಿಂಗ್ ಅಪ್” ಎಂದಳು.

ಆಮೇಲೆ ಏಳು. ಆಮೇಲೆ ಐದು. ಶನಿವಾರದ ಮ್ಯಾಚಿಗೆ ಅವಳ ತಾಯಿ ಬರುತ್ತಿದ್ದರು. ಅರ್ಧ ಸಮಯಕ್ಕೆ ಹಂಚಲು ಕಿತ್ತಳೆ ಹಣ್ಣು ಹೆಚ್ಚಿ ತರುವುದು ಇಲ್ಲಿನ ರೂಢಿ. ಇವರು ಅದರ ಮೇಲೆ ಉಪ್ಪು ಖಾರ ಉದುರಿಸಿ ತರುತ್ತಿದ್ದರು. ಒಂದು ಡಬ್ಬಿ ನನ್ನ ಕೈಗಿತ್ತು ಪಕ್ಕಕ್ಕೆ ಕರೆದರು.

“ಮೇಡಂ, ಮುಂಜಾನೆ ಎದ್ದು ಗ್ಯಾರೇಜಿನ್ಯಾಗ ಗಾದಿ ಹಾಸಿ ಬೀಳೋದು ಪ್ರಾಕ್ಟೀಸ್ ಮಾಡ್ತಾಳ್ರಿ. ಮೊಣಕೈ ಎಲ್ಲಾ ಕೆತ್ತಿ ಹೋಗ್ಯಾವ. ನಾ ಬ್ಯಾಡ ಅಂದ್ರ, ಮಿಸ್ ನಮ್ಮನ್ನ ನಂಬ್ಯಾರ, ನಿನಗ ಗೊತ್ತಾಗಂಗಿಲ್ಲ ಅಂತಾಳ. ಮನ್ಯಾಗ ಯಾರ ಮಾತೂ ಕೇಳಾಕಿ ಅಲ್ರಿ ಅಕಿ. ನೀವು ಅದೇನ್ ಮಾಡೀರಿ?”

ನಾನೇನು ಮಾಡಿದ್ದೆ ಎಂದು ಹೇಳಲಿ? ಡಬ್ಬಿಯನ್ನು ಹುಡುಗಿಯರ ಕಡೆ ಒಯ್ದೆ.

ನಾಲ್ಕನೇ ಮ್ಯಾಚಿನಲ್ಲಿ ನಮ್ಮವರೂ ಒಂದು ಗೋಲು ಹೊಡೆದರು. ಮೂರು–ಒಂದು ಸೋತು, ಕಪ್ಪು ಗೆದ್ದವರಂತೆ ಕುಣಿದರು. ಐದನೆಯದು ಆ ಡಿವಿಜನ್ನಿನ ಅತಿ ದೊಡ್ಡ ಕಾಲೇಜಿನ ಮೇಲೆ. ಹನ್ನೊಂದು ಗೋಲು. ಕೊನೆಯದನ್ನು ತಡೆಯಲು ಹೋಗಿ ಹುಡುಗಿಯ ಕಿರುಬೆರಳು ಉಳುಕಿತು. ಬೆಂಚಿನ ಮೇಲೆ ಕೂರಿಸಿ ಐಸ್ ಹಿಡಿದೆ. ಅವಳು ತಲೆ ತಗ್ಗಿಸಿ, “ಸಾರಿ ಮಿಸ್. ಯೂ ಬಿಲೀವ್ಡ್ ಇನ್ ಅಸ್” ಎಂದಳು.

ಅದನ್ನು ನಾನು ತಡೆದುಕೊಳ್ಳಲಾರದೆ ಹೋದೆ. ಇವಳ ತಲೆಯ ಮೇಲಿನ ಭಾರ ಇಳಿಸಬೇಕು, ತಪ್ಪು ಇವಳದಲ್ಲ ಎಂದು ತಿಳಿಸಬೇಕು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ಎಲ್ಲವನ್ನೂ ಹೇಳಿದೆ. ಫೋನು, ಹೂಂ, ಅಸೆಂಬ್ಲಿ. ನಾನು ಮೀಟಿಂಗಿನಲ್ಲಿ ಬೇಡ ಅಂದಿದ್ದೆ, ಇದು ನಿಮ್ಮ ಅಳತೆಯ ಡಿವಿಜನ್ನೇ ಅಲ್ಲ, ನೀನು ಸಾರಿ ಕೇಳಬೇಕಾಗಿಲ್ಲ ಎಂದೆ. ಅವಳಿಗೆ ಹಗುರಾಗುತ್ತದೆ, ನಗುತ್ತಾಳೆ ಎಂದು ಕಾದೆ. ಒಂಬತ್ತು ಗೋಲಿಗೆ ಅಳದವಳು, ಹನ್ನೊಂದಕ್ಕೆ ಅಳದವಳು, ಬೆರಳು ಉಳುಕಿದರೂ ಅಳದವಳು, ಆಗ ಅತ್ತಳು. ಸದ್ದಿಲ್ಲದೆ, ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ಐಸಿನ ಚೀಲವನ್ನು ತಾನೇ ಹಿಡಿದುಕೊಂಡು ಅತ್ತಳು. ಇಪ್ಪತ್ತು ವರ್ಷ ಮಕ್ಕಳ ನಡುವೆ ಕಳೆದವಳಿಗೆ ಇಷ್ಟೂ ತಿಳಿಯಲಿಲ್ಲವೇ?

ಪ್ರಾಕ್ಟೀಸು ಬಿಡಲಿಲ್ಲ ಅವಳು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಬಂದಳು, ಹೇಳಿದ ಕೆಲಸ ಹೇಳಿದಷ್ಟು ಮಾಡಿದಳು, ಗುಡ್ ಮಾರ್ನಿಂಗ್ ಮಿಸ್ ಎಂದಳು. ಮಿಕ್ಕವರಿಗೂ ಅವಳಿಂದ ವಿಷಯ ತಿಳಿದಿತ್ತು. ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಜಿಗವೆಂದರೆ ಆಟ ಸುಧಾರಿಸುತ್ತಲೇ ಇತ್ತು. ಕಾಲುಗಳು ತಾವಾಗಿ ಕಲಿತದ್ದನ್ನು ಮನಸ್ಸು ಮುರಿದರೂ ಮರೆಯುವುದಿಲ್ಲವೇನೋ. ಮೂರನೇ ಡಿವಿಜನ್ನಿನಲ್ಲಿ ಅರ್ಧ ಸಮಯಕ್ಕೇ ಗೆದ್ದು ನಡೆದಾಡುತ್ತಿದ್ದ ಹುಡುಗಿಯರು ಈಗ ಕೊನೆಯ ನಿಮಿಷದವರೆಗೂ ಓಡುತ್ತಿದ್ದರು. ಗೋಲ್‌ಕೀಪರ್ ಕಂಬಕ್ಕೆ ಒರಗುವುದು ಬಿಟ್ಟು ಮುಂದೆ ನುಗ್ಗಿ ಎದುರಿನವಳ ಕಾಲಿನಿಂದಲೇ ಚೆಂಡು ಕಿತ್ತುಕೊಳ್ಳುವುದನ್ನು ಕಲಿತಿದ್ದಳು. ಕೊನೆಯ ಮ್ಯಾಚು, ಎರಡು–ಎರಡು. ಸಮ. ನಮ್ಮನ್ನು ಒಂಬತ್ತು ಗೋಲಿನಿಂದ ಹೊಡೆದಿದ್ದ ಅದೇ ಟೀಮು. ನಾನು ಮೈದಾನದ ಅಂಚಿನಲ್ಲಿ ನಿಂತು ಕಿರುಚಿ ಕಿರುಚಿ ದನಿ ಕಳೆದುಕೊಂಡೆ. ಮೀಟಿಂಗಿನಲ್ಲಿ ನಾನು ಆಡಿದ್ದ ಮಾತಿನಲ್ಲಿ ಲೆಕ್ಕ ಸರಿಯಿತ್ತು, ಮಕ್ಕಳೇ ಇರಲಿಲ್ಲ ಎಂದು ಅವತ್ತು ಗೊತ್ತಾಯಿತು.

ಮರುವಾರ ಮುಂದಿನ ವರ್ಷದ ಫಾರ್ಮು ಬಂತು. ಈ ಸಲ ಫೋನಿಲ್ಲ, ಕಾಗದದಲ್ಲೇ ಎರಡು ಚೌಕ: ಎರಡನೇ ಡಿವಿಜನ್ನಿನಲ್ಲಿ ಉಳಿಯುವುದೋ, ಮೂರನೆಯದಕ್ಕೆ ಇಳಿಯುವುದೋ. ನನ್ನ ಪಾಪ ತೊಳೆದುಕೊಳ್ಳಲು ಇದೇ ಅವಕಾಶ ಎನಿಸಿತು. ಹುಡುಗಿಯರನ್ನೆಲ್ಲ ಲಂಚ್ ಹೊತ್ತಿನಲ್ಲಿ ನನ್ನ ಕ್ಲಾಸಿಗೆ ಕರೆದು, ಆಡುವವರು ನೀವು, ತೀರ್ಮಾನವೂ ನಿಮ್ಮದೇ ಎಂದು ಫಾರ್ಮನ್ನು ಮೇಜಿನ ಮೇಲಿಟ್ಟೆ. ಉಳಿಯುತ್ತೇವೆ ಎನ್ನುತ್ತಾರೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನನ್ನ ಕಣ್ಣಿನಲ್ಲಿ ನೀವು ಈಗ ಎರಡನೇ ಡಿವಿಜನ್ನಿನವರೇ ಎಂದು ಹೇಳಲು ವಾಕ್ಯ ಕೂಡಿಸಿಕೊಂಡಿದ್ದೆ.

ಅವರು ಚರ್ಚಿಸಲೂ ಇಲ್ಲ. ಮೊದಲೇ ಮಾತಾಡಿಕೊಂಡು ಬಂದಿದ್ದರು. ಗೋಲ್‌ಕೀಪರ್ ಹುಡುಗಿ ಪೆನ್ನು ತೆಗೆದುಕೊಂಡು ಮೂರನೆಯದಕ್ಕೆ ಇಳಿಯುವ ಚೌಕದಲ್ಲಿ ನೀಟಾಗಿ ಟಿಕ್ ಹಾಕಿದಳು. ಯಾಕೆ ಎಂದು ಕೇಳಿದೆ. ನಾನು ನಿಜವಾಗಿ ನಂಬುತ್ತೇನೆ, ಈ ಸಲ ನಿಜವಾಗಿ, ಎಂದು ತೊದಲಿದೆ. ಉಳಿದವರು ಕಿಟಕಿಯ ಕಡೆ ನೋಡಿದರು.

ಅವಳಿಗೆ ನನ್ನ ಮೇಲೆ ಮರುಕವೇ ಬಂದಿರಬೇಕು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಮಿಕ್ಕವರಿಗೆ ತಿಳಿಯದಿರಲೆಂದೋ ಏನೋ, ಕನ್ನಡದಲ್ಲಿ ಮೆಲ್ಲಗೆ ಹೇಳಿದಳು.

“ಇರ್ಲಿ ಬಿಡ್ರಿ ಮಿಸ್. ನೀವು ಮೊದ್ಲ ಅನ್ಕೊಂಡಿದ್ದ ಖರೆ ಇತ್ತು.”

ಫಾರ್ಮನ್ನು ನನ್ನ ಕಡೆ ಸರಿಸಿದಳು. ಕೆಳಗೆ ಮ್ಯಾನೇಜರಿನ ಸಹಿಗೆ ಜಾಗವಿತ್ತು. ಹದಿಮೂರು ಜನ ಕಾಯುತ್ತಿದ್ದರು. ಸಹಿ ಮಾಡಿದೆ.