ನೋಡದ ಕೋಟೆ, ಮುಚ್ಚಿದ ಬಾಗಿಲು

ದಕ್ಷಿಣ ಫ್ರಾನ್ಸಿನ ಆ ಕೋಟೆಯನ್ನು ನಾನು ನೋಡಿಲ್ಲ. ಡಬ್ಲಿನ್ನಿನಲ್ಲಿ ಹಳೆಯ ಕಟ್ಟಡಗಳ ಸಂರಕ್ಷಣೆ ಓದುತ್ತಿದ್ದ ನಮ್ಮನ್ನು ಅಲ್ಲಿಗೆ ಕರೆದೊಯ್ಯುವ ಮಾತಿತ್ತು. ಲಾಕ್‌ಡೌನ್ ಬಂದು, ಮನೆಯಿಂದ ಐದು ಕಿಲೋಮೀಟರ್ ದಾಟುವುದೇ ಅಪರಾಧವಾಯಿತು. ಹಾಗಾಗಿ ಡಬ್ಲಿನ್ನಿನ ಬ್ಯೂಮಾಂಟ್ ಬಡಾವಣೆಯ ಬಾಡಿಗೆ ಮನೆಯ ಮಹಡಿ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಆ ಕೋಟೆಯಲ್ಲೇ ಹುಟ್ಟಿ ಬೆಳೆದವನಂತೆ ಅದರ ಬಗ್ಗೆ ಮಾತಾಡಲು ಅಭ್ಯಾಸ ಮಾಡುತ್ತಿದ್ದೆ. ಮರುದಿನ ಆನ್‌ಲೈನ್ ಪ್ರೆಸೆಂಟೇಶನ್.

ಕೇಳುವವರು ಒಬ್ಬರೇ, ಅದೂ ಮಹಡಿಯ ಮುಚ್ಚಿದ ಬಾಗಿಲ ಹಿಂದೆ. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಡಾಕ್ಟರು. ದಾವಣಗೆರೆಯಲ್ಲಿ ಓದಿ ಬಂದು ಇಲ್ಲಿ ಕೋವಿಡ್ ವಾರ್ಡಿನಲ್ಲಿ ದುಡಿಯುತ್ತಿದ್ದವರು. ಈಗ ಅವರಿಗೇ ಕೋವಿಡ್; ಅಂದು ಎಂಟನೇ ದಿನ. ಉಸಿರು ಕೆಟ್ಟರೆ ಆಂಬುಲೆನ್ಸ್ ಕರೆಯುವುದು ನನ್ನ ಹೊಣೆ. ಆದರೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಇದ್ದದ್ದು ಅವರ ಹತ್ತಿರ. ಅದು ಏನು ತೋರಿಸಿತು ಎಂಬುದನ್ನು ಅವರ ಬಾಯಿಂದಲೇ ಕೇಳಬೇಕು. ಮೂರು ದಿನದಿಂದ ಒಂದೇ ಉತ್ತರ: ತೊಂಬತ್ತಾರು.

ನನಗೆ ಬರುವ ವಿದ್ಯೆ ಒಂದೇ, ಮಿಮಿಕ್ರಿ. ಪ್ರೊಫೆಸರು, ಮನೆ ಮಾಲೀಕ, ವೀಸಾ ಕಚೇರಿಯಲ್ಲಿ ತೊದಲುವ ನಾನು, ಯಾರನ್ನೂ ಬಿಟ್ಟಿಲ್ಲ. ಅಂದು ಪ್ರೊಫೆಸರ ದನಿಯಲ್ಲೇ ಶುರು ಮಾಡಿದೆ. ಕೋಟೆಗೆ ಎರಡು ಗೋಡೆ, ನಡುವೆ ಬಯಲು. ಹೊರಗಿನದು ತಗ್ಗು, ಒಳಗಿನದು ಎತ್ತರ. ಹೊರಗೋಡೆಯ ಕೆಲವು ಬುರುಜುಗಳಿಗೆ ಬೆನ್ನೇ ಇಲ್ಲ, ಒಳಬದಿ ತೆರೆದೇ ಇದೆ. ಶತ್ರು ಹಿಡಿದುಕೊಂಡರೂ ಒಳಗಿನ ಬಿಲ್ಲುಗಾರರಿಗೆ ಬೆತ್ತಲೆ ಕಾಣುತ್ತಾನೆ. ತಮಾಷೆ ಏನೆಂದರೆ, ಆ ಹೊರಗೋಡೆ ಎದ್ದದ್ದು ಕೋಟೆ ಒಮ್ಮೆ ಸೋತ ಮೇಲೆ. ಬೇಸಿಗೆಯ ಮುತ್ತಿಗೆ, ಒಳಗೆ ನೀರಿಲ್ಲ. ಗೋಡೆ ಎಷ್ಟು ದಪ್ಪವಿದ್ದರೇನು.

"ನಮ್ಮ ಚಿತ್ರದುರ್ಗದ ಮುಂದೆ... ಇದೇನ್ ಮಹಾ... ಬಿಡೋ ಕೋತಿ," ಎಂದರು ಒಳಗಿನಿಂದ.

"ಹೊಟ್ಟೆಕಿಚ್ಚು ಡಾಕ್ಟ್ರೇ ನಿಮಗೆ. ಇನ್ನೊಂದ್ ಕಥೆ ಕೇಳಿ."

ಅದು ಇನ್ನೂ ಹಳೆಯ ಮುತ್ತಿಗೆಯ ದಂತಕಥೆ. ಕಾಳು ಮುಗಿದಿತ್ತು. ಉಳಿದ ಒಂದೇ ಹಂದಿಗೆ ಉಳಿದ ಗೋಧಿಯನ್ನೆಲ್ಲ ತಿನ್ನಿಸಿ ಗೋಡೆಯಿಂದ ಎಸೆದರಂತೆ. ಬಿದ್ದ ಹಂದಿಯ ಹೊಟ್ಟೆಯೊಡೆದು ಗೋಧಿ ಚೆಲ್ಲಿತಂತೆ. ಹಂದಿಗೇ ಹಾಕುವಷ್ಟು ಗೋಧಿ ದಂಡಿಯಾಗಿದೆ ಎಂದು ನಂಬಿ ಶತ್ರು ಹೊರಟುಹೋದನಂತೆ.

ಹಂದಿಯ ಕೂಗನ್ನೂ ಮಾಡಿದೆ. ಒಳಗಿನಿಂದ ನಗು ಬರಲಿಲ್ಲ.

"ಡಾಕ್ಟ್ರೇ, ಹೇಗಿದೀರಾ?"

"ಗ್ರ್ಯಾಂಡ್ ಆಗಿದೀನಿ ಕಣೋ... ತೊಂಬತ್ತಾರು."

ಅಭ್ಯಾಸಬಲದಿಂದ ಆ ಮಾತನ್ನು ಬಾಯೊಳಗೇ ಅವರಂತೆ ಹೇಳಿಕೊಂಡೆ. ಒಬ್ಬರ ದನಿ ಹಿಡಿಯುವುದೆಂದರೆ ಅವರು ಎಲ್ಲಿ ಉಸಿರೆಳೆಯುತ್ತಾರೆ ಎಂದು ಕಲಿಯುವುದು. ಈ ಮನುಷ್ಯ ಸಿಂಕಿನ ಪಾತ್ರೆಗಳ ಬಗ್ಗೆ ನನ್ನನ್ನು ಬೈಯುವಾಗ ಉಸಿರೇ ತೆಗೆದುಕೊಳ್ಳುತ್ತಿರಲಿಲ್ಲ. ಈಗ ನಾನು ಎರಡು ಮೂರು ಪದಕ್ಕೇ ನಿಲ್ಲಬೇಕಾಯಿತು. ಚೆನ್ನಾಗಿದ್ದೇನೆ ಎನ್ನಲು ಇಲ್ಲಿನವರು ಬಳಸುವ ಆ 'ಗ್ರ್ಯಾಂಡ್' ಮಾತ್ರ ಗಟ್ಟಿಯಾಗಿತ್ತು, ಮೊದಲೇ ಉಸಿರು ಕೂಡಿಟ್ಟುಕೊಂಡು ಹೇಳಿದಂತೆ. ಅವರು ತಮ್ಮನ್ನೇ ಮಿಮಿಕ್ರಿ ಮಾಡುತ್ತಿದ್ದರು. ನನಗಿಂತ ಕೆಟ್ಟದಾಗಿ.



"ವಿಡಿಯೋ ಕಾಲ್ ಮಾಡಿ. ಆ ಮೀಟರ್ ತೋರಿಸಿ."

"ಓದ್ಕೋ ಹೋಗೋ."

"ಸರಿ, ಒಂದೇ ಉಸಿರಲ್ಲಿ ಇಪ್ಪತ್ತರವರೆಗೆ ಎಣಿಸಿ."

"ಡಾಕ್ಟರ್ ನಾನೋ... ನೀನೋ?"

"ಎಣಿಸಿ ಡಾಕ್ಟ್ರೇ!"

ಒಂದು, ಎರಡು, ಮೂರು... ಏಳಕ್ಕೆ ಕೆಮ್ಮು. ಎಂಟು ಬರಲೇ ಇಲ್ಲ. ಮಂಚ ಕಿರುಗುಟ್ಟಿದ್ದು ಕೇಳಿಸಿತು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಒಳಗಿನಿಂದ ಗೋಡೆ ಗುದ್ದಿದರು, ಬೇಡವೆಂದು. ಅತ್ತಲಿನ ಹೆಂಗಸು ವಿಳಾಸ ಕೇಳಿದಾಗ ನನ್ನ ದನಿಯೇ ನನಗೆ ಸಿಗಲಿಲ್ಲ. ಎರಡು ಸಲ ಹೇಳಿದೆ. ಆಂಬುಲೆನ್ಸ್ ಬರುವವರೆಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು, "ಇದೀರಾ?" ಎನ್ನುತ್ತಿದ್ದೆ. ಅವರು ಗೋಡೆಗೆ ಒಮ್ಮೆ ತಟ್ಟುತ್ತಿದ್ದರು. ತಟ್ಟು ತಡವಾದಾಗೆಲ್ಲ ನಾನೇ ಬಾಗಿಲು ಬಡಿಯುತ್ತಿದ್ದೆ.

ಮೈತುಂಬ ಪ್ಲಾಸ್ಟಿಕ್ ತೊಟ್ಟ ಇಬ್ಬರು ಬಂದರು. ಒಳಹೋದವಳು ಅಂಕಿಯನ್ನು ಕೂಗಿ ಹೇಳಿದಳು: ಎಪ್ಪತ್ತೊಂಬತ್ತು.

ಹದಿನೆಂಟು ದಿನದ ನಂತರ ಅವರು ಮನೆಗೆ ಬಂದರು. ಮಹಡಿಗೆ ಹತ್ತುವಾಗ ಅರ್ಧದಲ್ಲೇ ಕೂತುಬಿಟ್ಟರು. ಕೆಳಗಿನ ಮೆಟ್ಟಿಲಲ್ಲಿ ನಾನು.

"ಯಾಕೆ ಸುಳ್ಳು ಹೇಳಿದ್ರಿ?"



"ಆ ವಾರ್ಡಿಗೆ ಹೋದವರು ಮನೆಗೆ ಮಾಡೋ ಕೊನೇ ಫೋನಿಗೆ ನಾನೇ ಮೊಬೈಲ್ ಹಿಡ್ಕೊಂಡ್ ನಿಲ್ತಿದ್ದೆ ಕಣೋ. ಭಯ ಆಯ್ತು."

ಮೇಲೆ ಹತ್ತಲು ಕೈ ಚಾಚಿದರು. ಹಿಡಿದುಕೊಂಡೆ.